ರೂಟರ್ ಅಲ್ರೀ, ಮೊದಲ ವೈರ್ ನೋಡ್ರಿ

ನೆಟ್ ನಿಧಾನ ಆದ್ರ ಹೊಸಾ ರೂಟರ್ ತಗೋರಿ ಅಂತ ಲೇಖನದಾಗ ಬರದೀರಿ. ನಾವೂ ಹಂಗ ಮಾಡಿ ರೊಕ್ಕ ಕಳಕೊಂಡವ್ರ. ಹುಬ್ಬಳ್ಳಿ ಗೋಕುಲ ರಸ್ತೆ ಕಡೆ ನಮ್ಮ ಅಪಾರ್ಟ್‌ಮೆಂಟು. ಮೂರ್ನಾಲ್ಕು ಕಂಪನಿಯವ್ರು ಟೆರೇಸಿನಿಂದ ವೈರ್ ಇಳಿಬಿಟ್ಟಾರ, ಯಾವುದು ಯಾರ ಮನೀದು ಅಂತ ಒಂದಕ್ಕೂ ಚೀಟಿ ಇಲ್ಲ. ನಮ್ಮ ಫೈಬರ್ ಕಿಟಕಿ ಸಂದಿನ್ಯಾಗ ಮಡಚಿ ಒಳಗ ತಂದಿದ್ರು. ಕಿಟಕಿ ಹಾಕಿದ್ರ ಮೋಡೆಮ್‌ನ್ಯಾಗ ಎಲ್‌ಒಎಸ್ (ಸಿಗ್ನಲ್ ಬರವಲ್ದು ಅನ್ನೂ) ಕೆಂಪು ದೀಪ, ತಗದ್ರ ನೆಟ್! ಶ್ರಾವಣದ ಜಿಟಿಜಿಟಿ ಮಳ್ಯಾಗ ಕಿಟಕಿ ತಗದಿಟ್ಟು ಆಫೀಸ್ ಮೀಟಿಂಗ್ ಮಾಡೀನ್ರಿ.

ಫೈಬರ್ ಒಳಗ ಓಡೂದು ಬೆಳಕು. ಚೂಪಾಗಿ ಮಡಚಿದ್ರ ಗಾಜಿನ ಎಳಿಯಿಂದ ಅದು ಹೊರಗ ಸೋರತೈತಿ. ಕಡೀಕ ಬಂದ ಕಂಪನಿ ಹುಡುಗ ಬೆಳಕಿನ ಜೋರು ಅಳೆಯೂ ಪವರ್ ಮೀಟರ್ ಹಚ್ಚಿದಾಗ ಮೈನಸ್ 29 ಡಿಬಿಎಂ. ಡಿಬಿಎಂ ಅಂದ್ರ ಆ ಜೋರಿನ ಅಳತಿ, ಮೈನಸ್ ಅಂಕಿ ದೊಡ್ಡದಾದಷ್ಟು ಬೆಳಕು ಕಡಿಮಿ. ಮೈನಸ್ 27ರ ಕೆಳಗ ಹೋದ್ರ ಬಹಳಷ್ಟು ಮೋಡೆಮ್‌ಗೆ ಸಿಗ್ನಲ್ ಹಿಡಿಯೂದ ಕಷ್ಟ. ಗ್ವಾಡಿಗೆ ತೂತು ಹೊಡದು, ಅಗಲ ಸುತ್ತು ಬಿಟ್ಟು ತಂದ ಮ್ಯಾಲೆ ಮೈನಸ್ 21. ಹಳೇ ರೂಟರ್ರ ಈಗ ಕುದರಿ ಓಡಿದಂಗ ಓಡಾಕತ್ತೈತಿ.

ಮ್ಯಾಲಿನ ಮನಿಯವ್ರದು ಬ್ಯಾರೆ ಕಥಿ. ರೂಟರಿಂದ ರೂಮಿಗೆ ಎಳದ ಲ್ಯಾನ್ ಕೇಬಲ್‌ನ (ನೆಟ್ ಒಯ್ಯೂ ತಾಮ್ರದ ವೈರ್) ಎಂಟು ಎಳಿಯೊಳಗ ನಾಲ್ಕ ಅಷ್ಟ ಜೋಡಿಸಿದ್ರು. ನಾಲ್ಕ ಎಳಿಯಾಗ ಸಾಮಾನ್ಯವಾಗಿ 100 ಎಂಬಿಪಿಎಸ್‌ಗಿಂತ ಹೆಚ್ಚು ಹೋಗಂಗಿಲ್ಲ. 200 ಎಂಬಿಪಿಎಸ್‌ಗೆ ರೊಕ್ಕ ಕಟ್ಟಿ 100ರ ಒಳಗ ಕುಂತಿದ್ರು ಪಾಪ, ಅದೂ ವರ್ಷಗಟ್ಟಲೆ.

ಬಿಲ್ಡರ್ ಮೆಟ್ಟಲ ಪಕ್ಕ ನೆಟ್ ವೈರಿಗಂತ ಒಂದು ಖಾಲಿ ಪೈಪ್ ಬಿಟ್ಟಿದ್ರ ಇಷ್ಟೆಲ್ಲಾ ಬೇಕಿರಲಿಲ್ಲ. ಈಗ ಕರೆಂಟಿನ ವೈರಿನ ಜೋಡಿನ ಲ್ಯಾನ್ ಕೇಬಲ್‌ನೂ ತುರುಕ್ಯಾರ. ಮುಂದಿನ ಭಾನುವಾರ ಅಸೋಸಿಯೇಷನ್ ಮೀಟಿಂಗ್ ಐತಿ, ಪಾರ್ಕಿಂಗ್ ಜಗಳ ಮುಗದ್ರ ಇದನ್ನ ಎತ್ತಬೇಕು.