ಭಾನುವಾರದ ಪೇಟೆಗೆ ಸ್ಕ್ರೀನ್‌ಪ್ರಿಂಟೇ ಸರಿ

ಬೆಂಗಳೂರಿನ ನೆನಪಿಗೆಂದು ಕೊಳ್ಳಲು ಸಿಗುವ ಚಿತ್ರಗಳಲ್ಲಿ ವಿಧಾನಸೌಧ, ಮಸಾಲೆ ದೋಸೆ, ಫಿಲ್ಟರ್ ಕಾಫಿ, ಹೂಬಿಟ್ಟ ಟಬೂಬಿಯಾ ಮರಗಳು ಮತ್ತೆ ಮತ್ತೆ ಕಾಣುತ್ತವೆ. ಪೇಟೆಯ ಭಾನುವಾರದ ಸಂತೆ ಅವುಗಳ ನಡುವೆ ಅಪರೂಪ. ಆ ಸಂತೆಯನ್ನು ಚಿತ್ರಿಸಬೇಕು, ಅದನ್ನೂ ಜಾಲರಿಯ ಮೂಲಕ ಇಂಕು ಹಾಯಿಸುವ ಸ್ಕ್ರೀನ್‌ಪ್ರಿಂಟಿನಲ್ಲೇ ಅಚ್ಚುಹಾಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಾರದ ಉಳಿದ ದಿನಗಳಲ್ಲಿ ಕಾಲಿಡಲು ಜಾಗವಿಲ್ಲದ ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗಳ ಆಸುಪಾಸಿನಲ್ಲಿ ಭಾನುವಾರ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಆ ಮುಚ್ಚಿದ ಶಟರುಗಳ ಮುಂದೆ ಟಾರ್ಪಾಲು ಹಾಸಿ, ಹಳೆಯ ಗಡಿಯಾರ, ಸ್ಪ್ಯಾನರು, ಕ್ಯಾಮೆರಾ, ಬಟ್ಟೆಬರೆಗಳನ್ನು ಹರಡಿಕೊಂಡು ವ್ಯಾಪಾರಿಗಳು ಕೂರುತ್ತಾರೆ. ಶಟರಿನ ಅಡ್ಡಗೆರೆಗಳು, ಟಾರ್ಪಾಲಿನ ಗಾಢ ನೀಲಿ, ಅದರ ಮೇಲೆ ಬಿಡಿಬಿಡಿಯಾಗಿ ಬಿದ್ದ ವಸ್ತುಗಳ ಆಕಾರಗಳು: ಈ ಬೀದಿ ಸಮತಟ್ಟಾದ ಬಣ್ಣಗಳಲ್ಲಿ ತಾನೇ ವಿಂಗಡಣೆಯಾಗಿ ನಿಂತಂತಿದೆ.

ಸ್ಕ್ರೀನ್‌ಪ್ರಿಂಟಿನಲ್ಲಿ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು. ಚೌಕಟ್ಟಿಗೆ ಬಿಗಿದ ಜಾಲರಿಗೆ, ಬೆಳಕು ತಾಗಿದರೆ ಗಟ್ಟಿಯಾಗುವ ಎಮಲ್ಷನ್ ಎಂಬ ಲೇಪ ಬಳಿದು, ಚಿತ್ರವನ್ನು ಕಪ್ಪಿನಲ್ಲಿ ಮೂಡಿಸಿದ ಪಾರದರ್ಶಕ ಫಿಲ್ಮ್ ಇಟ್ಟು ಬೆಳಕಿಗೊಡ್ಡಿದಾಗ, ಕಪ್ಪು ಭಾಗದ ಹಿಂದಿನ ಎಮಲ್ಷನ್ ಮಾತ್ರ ಗಟ್ಟಿಯಾಗದೆ ನೀರಿನಲ್ಲಿ ತೊಳೆದುಹೋಗುತ್ತದೆ. ಇಂಕು ಹಾಕಿ, ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯನ್ನು ಎಳೆದರೆ ತೆರೆದುಕೊಂಡ ಆ ಭಾಗದ ಮೂಲಕವೇ ಇಂಕು ಕಾಗದಕ್ಕಿಳಿಯುತ್ತದೆ. ನೀಲಿಯ ಮೇಲೆ ಪಾರದರ್ಶಕ ಹಳದಿಯನ್ನು ಹಾಯಿಸಿ, ಇನ್ನೊಂದು ಸ್ಕ್ರೀನ್ ಇಲ್ಲದೆಯೇ ಹಸಿರು ಪಡೆಯಬಹುದು. ನಾಲ್ಕೇ ಬಣ್ಣಗಳಲ್ಲಿ ಮುಗಿಸಬೇಕೆಂದಾಗ ಕಲಾವಿದ ಕಂಡದ್ದನ್ನೆಲ್ಲ ತುರುಕಲಾರ. ಸಂತೆಯ ಗದ್ದಲದಲ್ಲಿ ಏನು ಮುಖ್ಯ ಎಂದು ಅವನು ತೀರ್ಮಾನಿಸಲೇಬೇಕಾಗುತ್ತದೆ.

ನನ್ನ ಮಟ್ಟಿಗೆ ಮುಖ್ಯವಾದದ್ದು ಮಾರುವವರು. ಹಳೆಯ ರೇಡಿಯೊ, ತುಕ್ಕುಹಿಡಿದ ಬೀಗಗಳನ್ನು ಮಾತ್ರ ಅಂದವಾಗಿ ಜೋಡಿಸಿ ಬರೆದ ಚಿತ್ರ ಎಷ್ಟೇ ಸೊಗಸಾಗಿದ್ದರೂ ನನಗೆ ಒಪ್ಪಿಗೆಯಾಗುವುದಿಲ್ಲ. ಗಡಿಯಾರವನ್ನು ಕಿವಿಗೆ ಹಿಡಿದು ಆಲಿಸುವ, ಚೌಕಾಸಿಯ ನಡುವೆ ಮುಖ ತಿರುಗಿಸಿಕೊಳ್ಳುವ, ಮಳೆ ಹನಿದೊಡನೆ ಟಾರ್ಪಾಲಿನ ನಾಲ್ಕೂ ಮೂಲೆ ಒಟ್ಟುಗೂಡಿಸಿ ಗಂಟು ಕಟ್ಟುವ ಜನರಿಲ್ಲದೆ ಅದು ಸಂತೆಯೇ ಅಲ್ಲ. ಗುರುತು ಸಿಗುವಂತೆ ಯಾರನ್ನಾದರೂ ಚಿತ್ರಿಸುವುದಾದರೆ ಮೊದಲು ಅವರ ಒಪ್ಪಿಗೆ ಪಡೆಯಬೇಕು, ಅಚ್ಚಾದ ಮೇಲೆ ಒಂದು ಪ್ರತಿಯನ್ನು ಅವರಿಗೆ ಕೊಡಬೇಕು.

ಈ ಕಸುಬು ಪೇಟೆಗೆ ಹೊಸದೂ ಅಲ್ಲ. ಅಲ್ಲೇ ನಡೆದು ಹೋಗುವಷ್ಟು ಹತ್ತಿರವಿರುವ ಸುಲ್ತಾನಪೇಟೆ ಮದುವೆಯ ಕರೆಯೋಲೆಗಳಿಗೂ ಕಾಗದದ ವ್ಯಾಪಾರಕ್ಕೂ ಹೆಸರಾದದ್ದು. ಕರೆಯೋಲೆಗಳ ಮೇಲೆ ಬೆರಳಾಡಿಸಿದರೆ ತಗಲುವ ದಪ್ಪ ಇಂಕು, ಚಿನ್ನದ ಬಣ್ಣದ ಗಣಪತಿ ಎಷ್ಟೋ ಬಾರಿ ಸ್ಕ್ರೀನ್‌ಪ್ರಿಂಟಿನದೇ ಕೆಲಸ. ಒಂದು ಬಣ್ಣದ ಮೇಲೆ ಇನ್ನೊಂದನ್ನು ಕೂದಲೆಳೆಯಷ್ಟೂ ಜರುಗದಂತೆ ಕೂರಿಸಬಲ್ಲ ಕೈಗಳನ್ನು ನಾವು ಕಲಾವಿದರೆಂದು ಕರೆದೇ ಇಲ್ಲ, ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ. ಸಂತೆಯ ಚಿತ್ರಗಳನ್ನು ಅಂಥವರೊಡನೆ ಕೂಡಿ ಅಚ್ಚುಹಾಕಿ, ಬರೆದವರ ಸಹಿಯ ಪಕ್ಕದಲ್ಲಿ ಅಚ್ಚುಹಾಕಿದವರ ಹೆಸರನ್ನೂ ನಮೂದಿಸಬೇಕು. ಕಂಪ್ಯೂಟರಿನಿಂದ ನೇರವಾಗಿ ಮುದ್ರಿಸಿದ ಪ್ರತಿಯನ್ನು ಸ್ಕ್ರೀನ್‌ಪ್ರಿಂಟ್ ಎಂದು ಮಾರುವುದು ಈ ಶ್ರಮಕ್ಕೆ ಮಾಡುವ ಅನ್ಯಾಯ.

ಇಂಥ ಚಿತ್ರಗಳಿಗೆ ಮಾರುಕಟ್ಟೆಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆ ಎಂಬ ಕಲಾಮೇಳಕ್ಕಾಗಿ ಕುಮಾರಕೃಪಾ ರಸ್ತೆಯಲ್ಲಿ ಸೇರುವ ಜನಸಾಗರವೇ ಅದಕ್ಕೆ ಉತ್ತರ. ಒಮ್ಮೆ ಸಿದ್ಧವಾದ ಸ್ಕ್ರೀನಿನಿಂದ ಹಲವು ಪ್ರತಿಗಳನ್ನು ತೆಗೆಯಬಹುದಾದ್ದರಿಂದ ಬೆಲೆಯನ್ನೂ ಸಾಮಾನ್ಯರ ಕೈಗೆಟುಕುವಂತೆ ಇಡಬಹುದು. ಕಲಾವಿದ ಮಿತ್ರರು ಯಾರಾದರೂ ಮುಂದಾದರೆ, ಮೊದಲ ಪ್ರತಿಗಳನ್ನು ಗ್ಯಾಲರಿಗೆ ಒಯ್ಯುವ ಮುನ್ನ ಒಂದು ಭಾನುವಾರ ಪೇಟೆಯ ಬೀದಿಯಲ್ಲೇ ಮಾರಾಟಕ್ಕಿಡಬೇಕೆಂದು ಕೇಳಿಕೊಳ್ಳುತ್ತೇನೆ.