ಊಟಿಗೆ ಸ್ವಂತ ಕಾರಲ್ಲೇ ಹೋಗಬೇಕೇ? ಪರ–ವಿರೋಧ

ಪರ: ನಿಲ್ಲಿಸಬೇಕೆನಿಸಿದಲ್ಲಿ ನಿಲ್ಲಿಸಿ

ಬೆಂಗಳೂರಿನಿಂದ ಊಟಿಗೆ ಸುಮಾರು 270 ಕಿ.ಮೀ. ಬಸ್ಸಿನಲ್ಲಿ ತೂಕಡಿಸಿ ಕಳೆಯುವ ದಾರಿಯಲ್ಲ ಇದು. ಬೆಳಿಗ್ಗೆ ಐದಕ್ಕೆ ಹೊರಟರೆ ಶ್ರೀರಂಗಪಟ್ಟಣದ ಕೋಟೆಗೆ ಒಂದು ಸುತ್ತು ಹಾಕಿ, ನಂಜನಗೂಡಿನಲ್ಲಿ ಶ್ರೀಕಂಠೇಶ್ವರನಿಗೆ ಕೈಮುಗಿದು, ಹತ್ತರೊಳಗೆ ಗುಂಡ್ಲುಪೇಟೆಯಲ್ಲಿ ತಿಂಡಿಗೆ ಕೂರಬಹುದು. ಜುಲೈ–ಆಗಸ್ಟ್ ಆದರೆ ಅಲ್ಲಿಂದಾಚೆ ರಸ್ತೆಯ ಬದಿಯಲ್ಲೇ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಬಸ್ಸಿನವನಿಗೆ ಇದೆಲ್ಲ ಲೆಕ್ಕಕ್ಕಿಲ್ಲ; ಅವನು ಚಹಾ ಕುಡಿಯುವ ಕಡೆಯೇ ನೀವೂ ಕುಡಿಯಬೇಕು. ನಿಲ್ಲಿಸಬೇಕೆನಿಸಿದಲ್ಲಿ ನಿಲ್ಲಿಸುವುದು: ಕಾರಿನ ಪರ ಇದೊಂದೇ ವಾದ ಸಾಕು.

ಹಳೆಯ ಹೋಟೆಲುಗಳ ವಿಚಾರಕ್ಕೆ ಬಂದರಂತೂ ಕಾರೇ ಬೇಕು. 1829ರಲ್ಲಿ ಶಾಲೆಯಾಗಿ ಶುರುವಾದ ಸೆವಾಯ್ ಇರಲಿ, ಫರ್ನ್‌ಹಿಲ್ ಕಡೆಯ ಬಂಗಲೆಗಳಿರಲಿ, ಬಸ್ ನಿಲ್ದಾಣದ ಪಕ್ಕದಲ್ಲೇನೂ ಇಲ್ಲ, ಏರಿನಲ್ಲಿವೆ. ಬುಕ್ ಮಾಡುವಾಗ ಮೂರು ಮಾತು ಕೇಳಿ: ಬಿಸಿನೀರು ದಿನವಿಡೀ ಬರುತ್ತದೋ ಹೊತ್ತು ಗೊತ್ತಿದೆಯೋ, ಅಗ್ಗಿಷ್ಟಿಕೆಯ ಸೌದೆಗೆ ಬೇರೆ ದುಡ್ಡೋ, ವಯಸ್ಸಾದವರಿಗೆ ನೆಲಮಹಡಿ ಸಿಗುತ್ತದೋ. ಹಳೇ ಕಟ್ಟಡದಲ್ಲಿ ಲಿಫ್ಟ್ ಇರುವುದಿಲ್ಲ, ಮರದ ಮೆಟ್ಟಿಲು ಕಡಿದಾಗಿರುತ್ತವೆ.

ಊಟಿಗೆ ಹೊರಗಿನ ಗಾಡಿ ತರಲು ಆನ್‌ಲೈನಿನಲ್ಲಿ ಪಡೆಯಬೇಕಾದ ಇ-ಪಾಸ್ ಎಂದು ಹೆದರಿಸುವವರಿದ್ದಾರೆ. ಮೊಬೈಲಿನಲ್ಲಿ ಐದು ನಿಮಿಷದ ಕೆಲಸ, ಅದಕ್ಕೊಂದು ಚರ್ಚೆಯೇ? ಇನ್ನು ಕೆಲವರು ಘಾಟಿ ಎಂದ ಕೂಡಲೇ ಕೈಚೆಲ್ಲುತ್ತಾರೆ. ಘಾಟಿ ಓಡಿಸುವುದಕ್ಕೆ ಧೈರ್ಯ ಬೇಕಿಲ್ಲ, ಕ್ರಮ ಬೇಕು.

ಹತ್ತುವುದಕ್ಕೆ ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿ ಮಸಿನಗುಡಿ, ಕಲ್ಲಟ್ಟಿ ದಾರಿ ಹಿಡಿಯಬಹುದು. 36 ಹೇರ್‌ಪಿನ್ ತಿರುವುಗಳಲ್ಲಿ ಸಾವಿರ ಮೀಟರಿಗೂ ಹೆಚ್ಚು ಏರುತ್ತದೆ. ತಿರುವಿಗೆ ಬರುವ ಮೊದಲೇ ಮೊದಲನೇ ಗೇರಿಗೆ ಇಳಿಸಿ. ತಿರುವಿನ ನಡುವೆ ಗೇರು ಹುಡುಕಿದರೆ ಗಾಡಿ ಹಿಂದಕ್ಕೆ ಜಾರುತ್ತದೆ, ಅರ್ಧ ಕ್ಲಚ್ಚಿನಲ್ಲಿ ಹಿಡಿದಿಟ್ಟರೆ ಪ್ಲೇಟು ಸುಡುತ್ತದೆ. ಊಟಿ 2,240 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಬಲ ಕಳೆದುಕೊಂಡಿರುತ್ತದೆ. ಎಸಿ ಆರಿಸಿ, ಐದು ಸೀಟಿನ ಕಾರಿಗೆ ಏಳು ಜನರನ್ನು ತುಂಬಬೇಡಿ.

ಇಳಿಯುವಾಗ ಕಲ್ಲಟ್ಟಿಯ ಆಸೆ ಬಿಡಿ, ಹೊರಗಿನ ನೋಂದಣಿಯ ಗಾಡಿಗಳನ್ನು ಆ ಇಳಿಜಾರಿಗೆ ಬಿಡುವುದಿಲ್ಲ. ಪೈಕಾರ, ನಡುವಟ್ಟಂ, ಗೂಡಲೂರು ದಾರಿಯಲ್ಲೇ ಬನ್ನಿ. ಜನ ಕೆಡುವುದು ಇಳಿಜಾರಿನಲ್ಲೇ. ಈ ದಾರಿ ಹತ್ತಲು ಬೇಕಾಗುವ ಗೇರೇ ಇಳಿಯಲೂ ಬೇಕು. ಎರಡು ಅಥವಾ ಮೂರು. ಆಟೋಮ್ಯಾಟಿಕ್ ಆದರೆ ‘ಡಿ’ಯಲ್ಲಿ ಬಿಡದೆ ‘ಎಲ್’ ಅಥವಾ ಮ್ಯಾನುವಲ್‌ಗೆ ಹಾಕಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವ ಜಾಣರೂ ಇದ್ದಾರೆ, ಆಗ ಕಾರಿನ ಭಾರವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಹಿಡಿಯುವ ಬದಲು ಒಮ್ಮೆ ಬಲವಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಡಿಸ್ಕ್ ಆರಲಿ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಆದ್ದರಿಂದ ಎರಡು ವರ್ಷ ದಾಟಿದ್ದರೆ ಹೊರಡುವ ಮೊದಲೇ ಬದಲಿಸಿ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಇಷ್ಟು ತಿಳಿದವರಿಗೆ ಬಸ್ಸು ಯಾಕೆ ಬೇಕು?

ವಿರೋಧ: ಬಸ್ಸಿಗೆ ಪಾಸು ಬೇಕಿಲ್ಲ

ಈ ಪಕ್ಷ ವಹಿಸಿ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಕಾರಿನ ಮೇಲೆ ನನಗೆ ಹಗೆಯೇನಿಲ್ಲ. ಆದರೆ ಏಪ್ರಿಲ್‌ನಿಂದ ಜೂನ್‌ವರೆಗೆ ಊಟಿಗೆ ಕಾರು ಬೇಡ ಎಂಬ ಮಾತಿಗೆ ನಾನು ಬದ್ಧ.

ಐದು ನಿಮಿಷದ ಕೆಲಸ ಎಂದ ಇ-ಪಾಸ್, ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಜಾರಿಗೆ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ಮಿತಿಯೂ ಬಿತ್ತು: ವಾರದ ದಿನಗಳಲ್ಲಿ ದಿನಕ್ಕೆ 6,000 ವಾಹನ, ವಾರಾಂತ್ಯದಲ್ಲಿ 8,000. ಅಷ್ಟು ಪಾಸು ಮುಗಿದ ಮೇಲೆ ಬ್ರೇಕ್ ಆಯಿಲ್ ಎಷ್ಟು ಹೊಸದಾಗಿದ್ದರೇನು? ಸರ್ಕಾರಿ ಬಸ್ಸಿಗೆ ಈ ಕಟ್ಟುಪಾಡಿಲ್ಲ.

ನಿಲ್ಲಿಸಬೇಕೆನಿಸಿದಲ್ಲಿ ನಿಲ್ಲಿಸುವ ಸ್ವಾತಂತ್ರ್ಯವೆಂದರೆ, ನಾವು ಕಾಣುವ ಹಾಗೆ, ಬಂಡೀಪುರದ ನಡುವೆ ಕಾರು ನಿಲ್ಲಿಸಿ ಕೋತಿಗೆ ಬಿಸ್ಕತ್ತು ಎಸೆದು ಸೆಲ್ಫಿ ತೆಗೆಯುವುದು. ಕಾಡಿನ ರಸ್ತೆಯಲ್ಲಿ ನಿಲ್ಲಿಸುವಂತಿಲ್ಲ, ದಂಡ ಬೀಳುತ್ತದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ದಾರಿಯೇ ಮುಚ್ಚಿರುತ್ತದೆ. ಊಟಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾದರೆ ಗೂಡಲೂರಿನಲ್ಲೇ ರೂಮು ಹುಡುಕಬೇಕು. ಗುಂಡ್ಲುಪೇಟೆಯ ಹತ್ತಿರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಖಾಸಗಿ ಕಾರು ಬಿಡುವುದಿಲ್ಲ, ಬುಡದಲ್ಲಿ ನಿಲ್ಲಿಸಿ ಬಸ್ಸನ್ನೇ ಹತ್ತಬೇಕು.

ಮೈಸೂರಿನಿಂದ ಊಟಿಗೆ ಸರ್ಕಾರಿ ಬಸ್ಸುಗಳಿವೆ, ಸುಮಾರು ಐದು ತಾಸು. ನಿಲ್ದಾಣದಿಂದ ಹಳೇ ಹೋಟೆಲಿಗೆ ಆಟೋ ಸಿಗುತ್ತದೆ, ದರ ಮೊದಲೇ ಮಾತಾಡಿಕೊಳ್ಳಿ. ವಾಂತಿಯಾಗುವವರು ಮುಂದಿನ ಸೀಟು ಹಿಡಿಯಲಿ, ಹಿಂದಿನ ಚಕ್ರದಾಚೆ ಕೂತರೆ ತಿರುವಿನ ಎಳೆತ ಹೆಚ್ಚು. (ಚಿಕ್ಕ ಮಕ್ಕಳಿದ್ದರೆ ಕಾರೇ ಸುಖ; ಇಷ್ಟು ಒಪ್ಪುತ್ತೇನೆ.)

ದಾರಿಯ ಸೊಗಸೇ ಬೇಕೆಂದರೆ ಕೊಯಮತ್ತೂರಿನಾಚೆಯ ಮೆಟ್ಟುಪಾಳ್ಯದಿಂದ ಊಟಿಗೆ ಹೊರಡುವ ಬೆಟ್ಟದ ರೈಲಿದೆ. 46 ಕಿ.ಮೀ., 16 ಸುರಂಗ. ಕಲ್ಲಾರ್–ಕೂನೂರು ನಡುವೆ ಏರು ಪ್ರತಿ 12 ಅಡಿಗೆ ಒಂದಡಿ. ಅಲ್ಲಿ ಎಂಜಿನ್ನಿನ ಹಲ್ಲುಚಕ್ರ ಹಳಿಗಳ ನಡುವಿನ ಹಲ್ಲಿನ ಪಟ್ಟಿಯನ್ನು ಕಚ್ಚಿಕೊಂಡು ಹತ್ತುತ್ತದೆ. ಕೂನೂರಿನವರೆಗೆ 1899ರಲ್ಲಿ, ಊಟಿವರೆಗೆ 1908ರಲ್ಲಿ ಶುರುವಾಯಿತು. 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಬೆಳಿಗ್ಗೆ ಏಳರ ಸುಮಾರಿಗೆ ಹೊರಡುವ ಕಾರಣ ಬೆಂಗಳೂರಿನಿಂದ ರಾತ್ರಿಯೇ ಕೊಯಮತ್ತೂರು ಬಸ್ಸು ಹಿಡಿಯಬೇಕು. ಸೀಟು ಕಡಿಮೆ, 60 ದಿನ ಮುಂಚೆ ಬುಕಿಂಗ್ ತೆರೆದ ದಿನವೇ ಕೂರಿ. ಟಿಕೆಟ್ ಸಿಗದಿದ್ದರೆ ಕೂನೂರು–ಊಟಿ ನಡುವಿನ ಭಾಗಕ್ಕೆ ಪ್ರಯತ್ನಿಸಿ, ಅಲ್ಲಿ ಓಡುವ ಗಾಡಿಗಳು ಹೆಚ್ಚು. ಹಿಂಗಾರಿನಲ್ಲಿ ಹಳಿ ಮೇಲೆ ಮಣ್ಣು ಕುಸಿದು ರೈಲು ರದ್ದಾಗುವುದುಂಟು. ಆಗ ಮೆಟ್ಟುಪಾಳ್ಯದ ಬಸ್ ನಿಲ್ದಾಣಕ್ಕೆ ನಡೆಯಿರಿ. ರಸ್ತೆ ತೆರೆದಿದ್ದರೆ ಕೂನೂರಿನ ಬಸ್ಸಿಗೆ ಮುಂಗಡ ಟಿಕೆಟ್ಟಿನ ಗೊಡವೆಯಿಲ್ಲ.