ಕಾಯುವವರ ಶಾಂತಿ

ಕ್ರಿಸ್ತನ ಬರುವಿಕೆಗಾಗಿ ಕಾಯುವ, ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲವನ್ನು ಕುರಿತ ಲೇಖನವೊಂದನ್ನು ಓದಿದೆ. ಸುದ್ದಿಗಳಿಂದ ದೂರವಿದ್ದು ಮೌನವಾಗಿ ಕುಳಿತರೆ ಈ ಕಾಲದಲ್ಲಿ ಶಾಂತಿ ತಾನಾಗಿ ಒದಗುತ್ತದೆ ಎಂಬ ಅದರ ಲೇಖಕರ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೌನ ಬೇಕು, ನಿಜ. ಆದರೆ ಕ್ರಿಸ್‌ಮಸ್‌ಗೆ ಮುಂಚಿನ ಈ ನಾಲ್ಕು ಭಾನುವಾರಗಳಲ್ಲಿ ನಾವು ಕೇಳುವ ಬೈಬಲ್ ವಾಕ್ಯಗಳಲ್ಲಿ ಹೆಚ್ಚಿನವು ನೆಮ್ಮದಿಯ ದಿನಗಳಲ್ಲಿ ಹುಟ್ಟಿದವಲ್ಲ. ಅಸ್ಸೀರಿಯದ ಸೇನೆಯ ಭೀತಿ ಯೆಹೂದ ದೇಶವನ್ನು ಆವರಿಸಿದ್ದ ಕಾಲದಲ್ಲಿ ಪ್ರವಾದಿ ಯೆಶಾಯನು ‘ಸಮಾಧಾನದ ಪ್ರಭು’ವನ್ನು ಕುರಿತು ಸಾರಿದನು, ತಾನು ಕೊಡುವ ಶಾಂತಿ ಲೋಕ ಕೊಡುವಂಥದ್ದಲ್ಲವೆಂದು ಯೇಸು ಶಿಷ್ಯರಿಗೆ ಹೇಳಿದ್ದು ತಾನು ಬಂಧನಕ್ಕೊಳಗಾದ ರಾತ್ರಿಯೇ.

1943ರ ಏಪ್ರಿಲ್‌ನಲ್ಲಿ ನಾಜಿಗಳು ಬಂಧಿಸಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿಟ್ಟಿದ್ದ ಜರ್ಮನ್ ಕ್ರೈಸ್ತ ದೇವತಾಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹಾಫರ್, ಆ ವರ್ಷದ ನವೆಂಬರ್‌ನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಸೆರೆಕೋಣೆಯನ್ನು ಆಗಮನ ಕಾಲಕ್ಕೆ ಹೋಲಿಸಿದ್ದರು: ಒಳಗಿರುವವನು ಕಾಯುತ್ತಾನೆ, ಆಶಿಸುತ್ತಾನೆ, ಅದೂ ಇದೂ ಮಾಡುತ್ತಾನೆ, ಆದರೆ ಬಾಗಿಲು ತೆರೆಯುವುದು ಹೊರಗಿನಿಂದ ಮಾತ್ರ. ಲೇಖನದಲ್ಲಿ ನನಗೆ ಕಾಣದೆ ಹೋದದ್ದು ಈ ಅಂಶವೇ. ಕ್ರೈಸ್ತ ಶಾಂತಿಯು ನಮ್ಮ ಸಾಧನೆಯ ಫಲವಲ್ಲ, ಬರುವವನಾದ ಕ್ರಿಸ್ತನ ಕೊಡುಗೆ. ಆದ್ದರಿಂದಲೇ ಯುದ್ಧ, ಕಾಯಿಲೆ, ಸಾಲಗಳ ನಡುವೆ ಮನಸ್ಸು ಶಾಂತವಾಗಲಿಲ್ಲವೆಂದು ಯಾರೂ ತಮ್ಮ ವಿಶ್ವಾಸವನ್ನೇ ಅನುಮಾನಿಸಬೇಕಾಗಿಲ್ಲ.

ಕಾಯುವುದೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ಲೇಖಕರು ಅಲಂಕಾರವೆಂದು ಬಣ್ಣಿಸಿರುವ ಆಗಮನ ಮಾಲೆಯನ್ನು (ಒಂದೊಂದಾಗಿ ಹಚ್ಚುವ ಮೇಣದಬತ್ತಿಗಳ ವೃತ್ತವನ್ನು) 1839ರಲ್ಲಿ ಹ್ಯಾಂಬರ್ಗ್‌ನ ದೇವತಾಶಾಸ್ತ್ರಜ್ಞ ಯೋಹಾನ್ ಹಿನ್ರಿಚ್ ವಿಖೆರ್ನ್ ಆರಂಭಿಸಿದ್ದು, ತಾವು ಸಲಹುತ್ತಿದ್ದ ಬಡ ಮಕ್ಕಳು ಹಬ್ಬಕ್ಕೆ ಉಳಿದ ದಿನಗಳನ್ನು ಎಣಿಸಲೆಂದು.